ದ್ವೀಪಕ್ಕೆ ದೀಪವಾದ ಮಹೇಂದ್ರ ಸ್ಥವಿರರು

ವಿದ್ಯೆಯನ್ನು ಹೊತ್ತು ದೂರದ ನಾಡುಗಳಿಗೆ ಹೋದವರು ಅನೇಕರು. ಆ ನಾಡಿನವರೇ ವಿದ್ಯೆಗೆ ಒಡೆಯರಾಗುವವರೆಗೆ ದುಡಿದವರು ವಿರಳ. ಅಂಥ ವಿರಳರಲ್ಲಿ ಅಗ್ರಗಣ್ಯರು, ಕ್ರಿ.ಪೂ. 3ನೆಯ ಶತಮಾನದಲ್ಲಿ ಸಿಂಹಳ ದ್ವೀಪಕ್ಕೆ ಬೌದ್ಧಧರ್ಮವನ್ನು ಕೊಂಡೊಯ್ದ ಮಹೇಂದ್ರ ಸ್ಥವಿರರು.

ಸಿಂಹಳದ ಪ್ರಾಚೀನ ಪಾಲಿ ಗ್ರಂಥಗಳಾದ ದೀಪವಂಸ, ಮಹಾವಂಸಗಳು ಅವರ ಚರಿತ್ರೆಯನ್ನು ಹೇಳುತ್ತವೆ. ಅವುಗಳ ಪ್ರಕಾರ ಮಹೇಂದ್ರರು ಅಶೋಕ ಚಕ್ರವರ್ತಿಯ ಪುತ್ರರು. ತಾಯಿ ವಿದಿಶೆಯ ವರ್ತಕನೊಬ್ಬನ ಮಗಳಾದ ದೇವಿ. ಇಪ್ಪತ್ತನೆಯ ವಯಸ್ಸಿನಲ್ಲಿಯೇ ಅರಮನೆಯ ಸುಖವನ್ನು ತೊರೆದು ಅವರು ಮೊಗ್ಗಲಿಪುತ್ರ ತಿಷ್ಯರ ಶಿಷ್ಯರಾದರು. ಹದಿನೆಂಟರ ಹರೆಯದ ತಂಗಿ ಸಂಘಮಿತ್ರೆಯೂ ಅದೇ ಹಾದಿ ಹಿಡಿದಳು.

ಪಾಟಲಿಪುತ್ರದ ಮೂರನೆಯ ಬೌದ್ಧ ಮಹಾಸಭೆಯ ತರುವಾಯ ತಿಷ್ಯರು ಒಂಬತ್ತು ಪ್ರದೇಶಗಳಿಗೆ ಭಿಕ್ಷುಗಳನ್ನು ಕಳುಹಿಸಿದರು. ಕನ್ನಡ ನಾಡಿನ ಬನವಾಸಿಗೆ ರಕ್ಷಿತ ಸ್ಥವಿರರು ಬಂದದ್ದೂ, ಸಿಂಹಳಕ್ಕೆ ಮಹೇಂದ್ರರು ಹೊರಟದ್ದೂ ಒಂದೇ ಸಂಕಲ್ಪದ ಎರಡು ಕವಲುಗಳು. ಝಳಕಿಯ ಉತ್ತರಕ್ಕೆ ಹರಿಯುವ ಭೀಮೆಯೇ ಮುಂದೆ ಸಾಗಿ ಸನ್ನತಿಯನ್ನು ಸೇರುತ್ತದೆ. ಅಲ್ಲಿ ಅಶೋಕನ ಶಾಸನವೂ, ನೆರೆಯ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರು ಸಹಿತ ಕೆತ್ತಿದ ಅವನ ಶಿಲ್ಪವೂ ದೊರೆತಿವೆ.

ಆಗ ಮಹೇಂದ್ರರಿಗೆ ಮೂವತ್ತೆರಡು ವರ್ಷ. ವಿದಿಶೆಗೆ ಹೋಗಿ ತಾಯಿಯನ್ನು ಕಂಡು, ಕೆಲಕಾಲ ಅಲ್ಲಿದ್ದು, ಕೆಲವೇ ಸಂಗಡಿಗರೊಡನೆ ಹೊರಟರು. ಜ್ಯೇಷ್ಠ ಹುಣ್ಣಿಮೆಯಂದು ಇಂದಿನ ಮಿಹಿಂತಲೆಯ ಬೆಟ್ಟದ ಮೇಲೆ, ಬೇಟೆಗೆ ಬಂದಿದ್ದ ದೇವಾನಾಂಪ್ರಿಯ ತಿಷ್ಯರಾಜನನ್ನು ಸಂಧಿಸಿದರು. ಅವರು ಒಡನೆಯೇ ಉಪದೇಶಕ್ಕೆ ತೊಡಗಲಿಲ್ಲ. ಎದುರಿಗಿದ್ದ ಮಾವಿನ ಮರವನ್ನು ಕುರಿತು ಒಂದರ ಮೇಲೊಂದು ಪ್ರಶ್ನೆ ಕೇಳಿ ಅರಸನ ಗ್ರಹಣಶಕ್ತಿಯನ್ನು ಅಳೆದರು, ಆಮೇಲೆ ಬೋಧಿಸಿದರು. ಕೇಳುವವನನ್ನು ಅರಿತು ಕಲಿಸುವ ಗುರುವಿನ ಲಕ್ಷಣ ಅದು.

ಅರಸನು ಅನುರಾಧಪುರದ ಮಹಾಮೇಘವನವನ್ನು ಸಂಘಕ್ಕೆ ದಾನವಿತ್ತನು. ಅದೇ ಮುಂದೆ ಮಹಾವಿಹಾರವೆಂದು ಪ್ರಖ್ಯಾತವಾಯಿತು. ರಾಣಿ ಅನುಲಾದೇವಿ ದೀಕ್ಷೆಯನ್ನು ಬೇಡಿದಾಗ, ಸ್ತ್ರೀಯರಿಗೆ ದೀಕ್ಷೆ ನೀಡುವ ಅಧಿಕಾರ ತಮಗಿಲ್ಲವೆಂದು ತಿಳಿಸಿ ತಂಗಿಯನ್ನು ಕರೆಸಲು ಸೂಚಿಸಿದರು. ಸಂಘಮಿತ್ರೆಯು ಬೋಧಿವೃಕ್ಷದ ಶಾಖೆಯೊಡನೆ ಬಂದು ಭಿಕ್ಷುಣೀ ಸಂಘವನ್ನು ನೆಲೆಗೊಳಿಸಿದಳು.

ವಿಹಾರಗಳು ಎದ್ದವು, ಸ್ತೂಪ ಎದ್ದಿತು. ಧರ್ಮವು ಇಲ್ಲಿ ಬೇರೂರಿತೇ ಎಂದು ಅರಸನು ಕೇಳಿದನು. ನೆಲೆ ನಿಂತಿದೆ, ಬೇರು ಇನ್ನೂ ಇಳಿದಿಲ್ಲವೆಂದರು ಸ್ಥವಿರರು. ಸಿಂಹಳದಲ್ಲಿ ಸಿಂಹಳದ ತಾಯಿತಂದೆಗಳಿಗೆ ಹುಟ್ಟಿದವನು ಅಲ್ಲಿಯೇ ದೀಕ್ಷೆ ಪಡೆದು, ಅಲ್ಲಿಯೇ ವಿನಯವನ್ನು ಕಲಿತು, ಅಲ್ಲಿಯೇ ಬೋಧಿಸಿದ ದಿನ ಬೇರು ಇಳಿದೀತೆಂಬುದು ಅವರ ನಿಲುವಾಗಿತ್ತು. ಅರಸನ ಸೋದರಳಿಯನಾದ ಅರಿಷ್ಟನು ಭಿಕ್ಷುವಾಗಿ, ಸಭೆಯಲ್ಲಿ ಬೋಧಕನ ಪೀಠವೇರಿ ವಿನಯವನ್ನು ಪಠಿಸಿದನು. ಗುರುವಿನ ಪೀಠವನ್ನು ಶಿಷ್ಯನಿಗೆ ಬಿಟ್ಟುಕೊಟ್ಟ ಆ ದಿನವೇ ಮಹೇಂದ್ರರ ಜೀವನದ ಸಾರ್ಥಕ ದಿನ.

ತ್ರಿಪಿಟಕದ ವ್ಯಾಖ್ಯಾನಗಳನ್ನು ಅವರು ಸಿಂಹಳದ ಜನಭಾಷೆಯಲ್ಲಿ ನೆಲೆಗೊಳಿಸಿದರೆಂದು ಪರಂಪರೆ ಹೇಳುತ್ತದೆ. ಕ್ರಿ.ಶ. 5ನೆಯ ಶತಮಾನದಲ್ಲಿ ಬುದ್ಧಘೋಷರು ಭಾರತದಿಂದ ಅಲ್ಲಿಗೆ ಹೋಗಿ ಆ ಸಿಂಹಳ ವ್ಯಾಖ್ಯಾನಗಳನ್ನು ಪಾಲಿಗೆ ತಂದರು. ಕೊಟ್ಟ ನಾಡು ಕೊಂಡ ನಾಡಿನ ಬಾಗಿಲಿಗೆ ವಿದ್ಯಾರ್ಥಿಯಾಗಿ ಹೋದ ಸುದಿನವದು.

ತಿಷ್ಯರಾಜನ ಕಾಲಾನಂತರ, ಉತ್ತಿಯರಾಜನ ಆಳ್ವಿಕೆಯಲ್ಲಿ, ಭಿಕ್ಷುವಾಗಿ ಅರುವತ್ತು ವರ್ಷ ಬಾಳಿದ ಮಹೇಂದ್ರರು ಮಿಹಿಂತಲೆಯಲ್ಲಿಯೇ ನಿರ್ವಾಣ ಹೊಂದಿದರು. ಅವರು ತಾಯ್ನಾಡಿಗೆ ಮರಳಲಿಲ್ಲ. ಶ್ರೀಲಂಕೆಯ ರಾಜಗಲದ ಪ್ರಾಚೀನ ಬ್ರಾಹ್ಮೀ ಶಾಸನವೊಂದು ಅವರನ್ನೂ ಅವರ ಸಂಗಡಿಗರಾದ ಇಟ್ಠಿಯರನ್ನೂ ಹೆಸರಿಸಿ, ದ್ವೀಪದ ಭಾಗ್ಯದಿಂದ ಬಂದವರೆಂದು ಕೊಂಡಾಡಿದೆ. ಜ್ಯೇಷ್ಠದ ಹುಣ್ಣಿಮೆಯನ್ನು ಆ ನಾಡು ಇಂದಿಗೂ ಪೊಸೊನ್ ಹಬ್ಬವಾಗಿ ಆಚರಿಸುತ್ತದೆ.

ಕಟ್ಟಡವನ್ನು ದಾನಿಗಳು ಎತ್ತಿಸಬಹುದು, ಪಾಠವನ್ನು ಗುರುಗಳು ಹೇಳಬಹುದು. ಆ ಮಣ್ಣಿನ ಮಗು ಗುರುಪೀಠವೇರಿದಾಗಲೇ ವಿದ್ಯೆ ಬೇರು ಬಿಡುತ್ತದೆ. ಮಹೇಂದ್ರ ಸ್ಥವಿರರ ಬಾಳು ವಿದ್ಯಾಸಂಸ್ಥೆಗಳಿಗೆಲ್ಲ ಕಲಿಸುವ ಪಾಠ ಇದೇ ಆಗಿದೆ.