ದಂಡ ಕಟ್ಟದ ಶಿಕ್ಷಕಿ ಸೂಸನ್ ಆಂಟನಿ

ಚುನಾವಣೆ ಬಂತೆಂದರೆ ನಮ್ಮ ಶಾಲೆಯ ಮಕ್ಕಳಿಗೆ ಸಂತೋಷ. ಬೆಂಚುಗಳೆಲ್ಲ ಗೋಡೆಯ ಬದಿಗೆ ಸೇರುತ್ತವೆ, ತರಗತಿ ಮತಗಟ್ಟೆಯಾಗುತ್ತದೆ, ರಜೆ ಸಿಗುತ್ತದೆ. ಅಧ್ಯಾಪಕರಾದ ನಮಗೆ ಮಾತ್ರ ರಜೆಯಿಲ್ಲ. ಯಾವುದೋ ಊರಿನ ಯಾವುದೋ ಶಾಲೆಗೆ ಚುನಾವಣೆಯ ಕೆಲಸಕ್ಕೆ ಹೋಗಬೇಕು. ಬೆಳಗ್ಗೆ ಅಲ್ಲಿ ಹೆಂಗಸರ ಸಾಲು ಅಂಗಳದ ತುದಿಯವರೆಗೆ ನಿಂತಿರುತ್ತದೆ. ಮೊಮ್ಮಗಳ ಕೈಹಿಡಿದು ಬಂದ ಅಜ್ಜಿಯಂದಿರು, ಬೀಡಿ ಕಟ್ಟುವವರು, ಮತ ಹಾಕಿ ತೋಟದ ಕೆಲಸಕ್ಕೆ ಹೋಗೋಣವೆಂದು ಅವಸರದಲ್ಲಿರುವವರು. ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವಾಗ ಇದೊಂದು ಆಶ್ಚರ್ಯದ ಸಂಗತಿಯೆಂದು ಅವರಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಅನ್ನಿಸಬೇಕಾಗಿಯೂ ಇಲ್ಲ. ಆದರೆ 1872ರಲ್ಲಿ ಇದೇ ಕೆಲಸ ಮಾಡಿದ್ದಕ್ಕಾಗಿ, ಅಂದರೆ ಒಂದು ಮತ ಹಾಕಿದ್ದಕ್ಕಾಗಿ, ಅಮೆರಿಕದಲ್ಲಿ ಐವತ್ತೆರಡು ವರ್ಷದ ಒಬ್ಬ ಮಹಿಳೆಯನ್ನು ಬಂಧಿಸಿದರು. ಆಕೆ ಹಿಂದೆ ನಮ್ಮ ಹಾಗೆಯೇ ಪಾಠ ಹೇಳುತ್ತಿದ್ದವರು. ಹೆಸರು ಸೂಸನ್ ಬಿ. ಆಂಟನಿ.

ಸೂಸನ್ ಹುಟ್ಟಿದ್ದು 1820ನೆಯ ಇಸವಿ ಫೆಬ್ರವರಿ 15ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಆಡಮ್ಸ್ ಎಂಬ ಊರಿನಲ್ಲಿ. ತಂದೆ ಡೇನಿಯಲ್ ಆಂಟನಿ ಹತ್ತಿ ಗಿರಣಿ ನಡೆಸುತ್ತಿದ್ದವರು, ಕ್ವೇಕರ್ ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದವರು. ಆ ಪಂಗಡದ ಸಭೆಗಳಲ್ಲಿ ಹೆಂಗಸರೂ ಎದ್ದು ಮಾತನಾಡಬಹುದಿತ್ತು. ಊರಿನ ಶಾಲೆಯಲ್ಲಿ ಮಾತ್ರ ಬೇರೆ ಲೆಕ್ಕ. ಹುಡುಗಿಗೆ ದೊಡ್ಡ ಭಾಗಾಕಾರ ಏಕೆ ಬೇಕೆಂದು ಮೇಷ್ಟ್ರು ಅದನ್ನು ಕಲಿಸಲೊಲ್ಲದೆ ಹೋದರು. ತಂದೆ ಮಗಳನ್ನು ಆ ಶಾಲೆಯಿಂದ ಬಿಡಿಸಿ, ಮನೆಯಲ್ಲೇ ಒಂದು ಶಾಲೆ ತೆರೆದರು. ಲೆಕ್ಕ ಕಠಿಣವೆಂದು ಮುಖ ಸಣ್ಣದು ಮಾಡುವ ನಮ್ಮ ಹುಡುಗಿಯರು ಈ ಸಂಗತಿಯನ್ನು ಸ್ವಲ್ಪ ನೆನಪಿಡಲಿ.

1837ರಲ್ಲಿ ಅಮೆರಿಕದ ವ್ಯಾಪಾರವೆಲ್ಲ ಕುಸಿದುಬಿತ್ತು. ಆಂಟನಿ ಕುಟುಂಬ ಸಾಲದಲ್ಲಿ ಮುಳುಗಿ, ಮನೆಯ ಸಾಮಾನು ಹರಾಜಿಗೆ ಬಂತು. ತಾಯಿಗೆ ಮದುವೆಯಲ್ಲಿ ತವರಿನವರು ಕೊಟ್ಟ ವಸ್ತುಗಳು, ಮನೆಮಂದಿಯ ಬಟ್ಟೆ, ಕಡೆಗೆ ಕನ್ನಡಕ ಕೂಡ ಪಟ್ಟಿಯಲ್ಲಿದ್ದವು. ಅಂದಿನ ಕಾನೂನಿನಂತೆ ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿಯೆಂಬುದೇ ಇರಲಿಲ್ಲ. ಆಕೆಯದೆಲ್ಲ ಗಂಡನದು, ಗಂಡನ ಸಾಲಕ್ಕೆ ಅದೂ ಹೊಣೆ. ಸೋದರಮಾವ ಹರಾಜಿನಲ್ಲಿ ಕೂಗಿ ಕೆಲವು ಸಾಮಾನು ಉಳಿಸಿಕೊಟ್ಟರು. ತಾಯಿಗೆ ಬಂದ ತವರಿನ ಪಾಲನ್ನು ಕೂಡ ಆತ ತನ್ನ ಹೆಸರಿನಲ್ಲೇ ಇಟ್ಟುಕೊಂಡು ಕಾಪಾಡಬೇಕಾಯಿತು. ಮುಂದೆ ಆ ಹಣದಿಂದಲೇ ರಾಚೆಸ್ಟರ್ ನಗರದ ಹತ್ತಿರ ಒಂದು ಹೊಲ ಕೊಂಡು ಕುಟುಂಬ 1845ರಲ್ಲಿ ಅಲ್ಲಿ ನೆಲಸಿತು.

ಮನೆಗೆ ನೆರವಾಗಲು ಸೂಸನ್ ಶಿಕ್ಷಕಿಯಾದರು. ಕೆಲಸವೇನೋ ಸಿಕ್ಕಿತು, ಸಂಬಳ ವಾರಕ್ಕೆ ಎರಡೂವರೆ ಡಾಲರು. ಅದೇ ಕೆಲಸಕ್ಕೆ ಗಂಡಸರಿಗೆ ಹತ್ತು ಡಾಲರು. ಅದೇ ಪುಸ್ತಕ, ಅದೇ ಮಕ್ಕಳು, ಅದೇ ಗಂಟೆ. ಸಂಬಳ ಮಾತ್ರ ಕಾಲು ಭಾಗ. ನಮ್ಮ ಶಾಲೆಗಳಲ್ಲಿ ಇಂದು ಅಧ್ಯಾಪಕರಿಗೂ ಅಧ್ಯಾಪಿಕೆಯರಿಗೂ ವೇತನ ಶ್ರೇಣಿ ಒಂದೇ ಆಗಿರುವುದರಿಂದ ಇದು ನಮಗೆ ದೂರದ ಕತೆಯಂತೆ ಕಾಣಬಹುದು. ಶಾಲೆಯ ಬೇಲಿ ದಾಟಿದರೆ ಅಷ್ಟು ದೂರವೇನೂ ಅಲ್ಲ. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ ಎಂಬ ಮಾತು ನಮ್ಮ ತೋಟಗಳಲ್ಲಿ ಕೇಳದವರು ಯಾರು?

1846ರಲ್ಲಿ ಆಕೆ ಕೆನಜೋಹರಿ ಎಂಬ ಊರಿನ ವಿದ್ಯಾಶಾಲೆಯ ಹೆಣ್ಣುಮಕ್ಕಳ ವಿಭಾಗಕ್ಕೆ ಮುಖ್ಯಸ್ಥೆಯಾದರು. ಮೂರು ವರ್ಷಗಳಲ್ಲಿ ಆ ಕೆಲಸವನ್ನು ಬಿಟ್ಟು, ಗುಲಾಮಗಿರಿ ಮತ್ತು ಮದ್ಯಪಾನಗಳ ವಿರುದ್ಧ ನಡೆಯುತ್ತಿದ್ದ ಚಳವಳಿಗಳಿಗೆ ಇಳಿದರು. 1852ರಲ್ಲಿ ಆಲ್ಬನಿ ನಗರದ ಒಂದು ಪಾನನಿರೋಧ ಸಭೆಯಲ್ಲಿ ಮಾತನಾಡಲು ಎದ್ದಾಗ, ಹೆಂಗಸರನ್ನು ಕರೆದಿರುವುದು ಕೇಳುವುದಕ್ಕೆ ಎಂಬ ಉತ್ತರ ಬಂತು. ಆಕೆ ಎದ್ದು ಹೊರನಡೆದರು. ಅದಕ್ಕೆ ಒಂದು ವರ್ಷ ಮೊದಲು ಎಲಿಜಬೆತ್ ಕೇಡಿ ಸ್ಟಾಂಟನ್ ಎಂಬವರ ಪರಿಚಯವಾಗಿತ್ತು. 1848ರಲ್ಲಿ ಸೆನೆಕಾ ಫಾಲ್ಸ್ ಎಂಬಲ್ಲಿ ಮಹಿಳೆಯರ ಹಕ್ಕಿಗಾಗಿ ಸಮಾವೇಶ ನಡೆಸಿದವರಲ್ಲಿ ಸ್ಟಾಂಟನ್ ಒಬ್ಬರು. ಅವರಿಗೆ ಏಳು ಮಕ್ಕಳು. ಸೂಸನ್ ಮದುವೆಯಾಗಲಿಲ್ಲ. ಅವರು ಗೆಳತಿಯ ಮನೆಗೆ ಹೋಗಿ ಮಕ್ಕಳನ್ನು ನೋಡಿಕೊಳ್ಳುವರು. ಅಷ್ಟು ಹೊತ್ತಿನಲ್ಲಿ ಸ್ಟಾಂಟನ್ ಭಾಷಣ ಬರೆಯುವರು. ಆ ಭಾಷಣವನ್ನು ಹೊತ್ತುಕೊಂಡು ಸೂಸನ್ ಊರೂರು ತಿರುಗುವರು. ಈ ಏರ್ಪಾಡು ಐವತ್ತು ವರ್ಷ ನಡೆಯಿತು.

ಶಿಕ್ಷಕರಾದ ನಮಗೆ ಆಕೆಯ ಬದುಕಿನಲ್ಲಿ ಎಲ್ಲಕ್ಕಿಂತ ಮೆಚ್ಚಿಕೆಯಾಗುವ ಪ್ರಸಂಗ 1853ರದು. ಆ ವರ್ಷ ರಾಚೆಸ್ಟರಿನಲ್ಲಿ ನ್ಯೂಯಾರ್ಕ್ ರಾಜ್ಯದ ಶಿಕ್ಷಕರ ಸಮ್ಮೇಳನ ಸೇರಿತ್ತು. ಐನೂರಕ್ಕೂ ಹೆಚ್ಚು ಮಂದಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಮಾತನಾಡುವವರೆಲ್ಲ ಗಂಡಸರು. ಅಧ್ಯಕ್ಷ ಪೀಠದಲ್ಲಿ ಚಾರ್ಲ್ಸ್ ಡೇವಿಸ್ ಎಂಬ ಗಣಿತದ ಪ್ರಾಧ್ಯಾಪಕರು. ವಕೀಲರಿಗೆ, ವೈದ್ಯರಿಗೆ, ಪಾದ್ರಿಗಳಿಗೆ ಇರುವ ಗೌರವ ಶಿಕ್ಷಕರಿಗೆ ಏಕಿಲ್ಲ ಎಂದು ಚರ್ಚೆ ನಡೆಯುತ್ತಿತ್ತು. ಸೂಸನ್ ಎದ್ದು ನಿಂತು, ಈ ವಿಷಯದಲ್ಲಿ ನಾನೂ ಮಾತನಾಡಬೇಕು ಎಂದರು. ಸಭೆ ಬೆಚ್ಚಿತು. ಈಕೆಗೆ ಅವಕಾಶ ಕೊಡಬಹುದೇ ಎಂಬುದರ ಮೇಲೆಯೇ ಅರ್ಧ ಗಂಟೆ ವಾದ ನಡೆಯಿತು. ಕುಳಿತರೆ ಅವಕಾಶ ತಪ್ಪೀತೆಂದು ಅಷ್ಟು ಹೊತ್ತೂ ಆಕೆ ನಿಂತೇ ಇದ್ದರು. ಕೊನೆಗೆ ಸ್ವಲ್ಪ ಬಹುಮತದಿಂದ ಅನುಮತಿ ಸಿಕ್ಕಿತು.

ಆಕೆ ಹೇಳಿದ್ದು ಕೆಲವೇ ಮಾತು. ವಕೀಲಿಗೆ, ವೈದ್ಯಕ್ಕೆ ಬೇಕಾದ ಬುದ್ಧಿ ಹೆಂಗಸಿಗಿಲ್ಲ, ಪಾಠ ಹೇಳುವಷ್ಟು ಮಾತ್ರ ಇದೆ ಎಂದು ಸಮಾಜ ನಂಬಿರುವಾಗ, ಪಾಠ ಹೇಳಲು ಬಂದ ಪ್ರತಿ ಗಂಡಸೂ ತನಗಿರುವುದು ಹೆಂಗಸಿನಷ್ಟೇ ಬುದ್ಧಿ ಎಂದು ಒಪ್ಪಿಕೊಂಡಂತಾಗುವುದಿಲ್ಲವೇ? ಹೆಂಗಸರಿಗೆ ಕಡಿಮೆ ಸಂಬಳ ಕೊಡುವ ಕೆಲಸದಲ್ಲಿ ಗಂಡಸರ ಸಂಬಳವೂ ಮೇಲೇರುವುದಿಲ್ಲ. ಆದ್ದರಿಂದ ನಿಮ್ಮ ಗೌರವ ಹೆಚ್ಚಬೇಕಾದರೆ ನಮ್ಮ ಸಂಬಳ ಹೆಚ್ಚಲಿ. ಇಷ್ಟು ಹೇಳಿ ಕುಳಿತರು. ಲೆಕ್ಕದ ಮೇಷ್ಟ್ರಿಗೆ ಭಾಗಾಕಾರ ಕಲಿಸಿದಂತಾಯಿತು. ಕೆಲವರು ಬಂದು ಕೈಕುಲುಕಿದರು. ಬಾಯಿ ಮುಚ್ಚಿಕೊಂಡು ಕುಳಿತಿದ್ದ ಶಿಕ್ಷಕಿಯರಲ್ಲೇ ಹಲವರು ಈಕೆಯಿಂದ ನಮಗೆ ನಾಚಿಕೆಯಾಯಿತೆಂದರು. ಸುಧಾರಕರ ಪಾಡು ಎಲ್ಲ ಕಾಲದಲ್ಲೂ ಹೀಗೆಯೇ.

ಆಮೇಲೆ ಆಕೆ ಮನೆಮನೆಗೆ ಹೋಗಿ ಮನವಿಗಳಿಗೆ ಸಹಿ ಕೂಡಿಸತೊಡಗಿದರು. ಮಂಜು ಬೀಳುವ ಚಳಿಗಾಲದಲ್ಲಿ ಕುದುರೆಗಾಡಿಯ ಮೇಲೆ ನ್ಯೂಯಾರ್ಕ್ ರಾಜ್ಯದ ಐವತ್ತಕ್ಕೂ ಹೆಚ್ಚು ಜಿಲ್ಲೆಗಳನ್ನು ಸುತ್ತಿದರು. 1860ರಲ್ಲಿ ಆ ರಾಜ್ಯದ ಶಾಸನಸಭೆ, ಮದುವೆಯಾದ ಹೆಂಗಸಿನ ಗಳಿಕೆ ಅವಳದೇ ಎಂದು ಕಾನೂನು ಮಾಡಿತು. ತಾಯಿಯ ಸಾಮಾನು ಹರಾಜಾದುದನ್ನು ಕಂಡ ಮಗಳಿಗೆ ಇದು ಸಣ್ಣ ಗೆಲುವಲ್ಲ. ಆದರೆ ಎರಡೇ ವರ್ಷಗಳಲ್ಲಿ ಆ ಕಾನೂನಿನ ಕೆಲವು ಭಾಗಗಳನ್ನು ಸಭೆ ಹಿಂತೆಗೆದುಕೊಂಡಿತು. ಮತವಿಲ್ಲದವರಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಲು ಯಾರೂ ಅಂಜಬೇಕಾಗಿಲ್ಲ. ಅಲ್ಲಿಂದ ಮುಂದೆ ಕೂಲಿ ಮತ್ತು ಮತ ಎರಡೂ ಒಂದೇ ಎಂಬುದು ಆಕೆಯ ವಾದವಾಯಿತು. ಮತವುಳ್ಳ ಕೂಲಿಯವರು ಮುಷ್ಕರ ಹೂಡಿದರೆ ಪತ್ರಿಕೆ, ರಾಜಕಾರಣಿಗಳೆಲ್ಲ ಲೆಕ್ಕ ಹಾಕುತ್ತಾರೆ, ಹೆಂಗಸರು ಹೂಡಿದರೆ ಕೇಳುವವರಿಲ್ಲವೆಂದು ಸಭೆ ಸಭೆಗಳಲ್ಲಿ ವಿವರಿಸಿದರು. 1868ರಲ್ಲಿ ಕ್ರಾಂತಿ ಎಂದರ್ಥ ಕೊಡುವ ರೆವಲ್ಯೂಷನ್ ಎಂಬ ವಾರಪತ್ರಿಕೆ ಹೊರಡಿಸಿದರು. ದುಡಿಯುವ ಹೆಂಗಸರ ಒಂದು ಸಂಘವನ್ನೂ ಕಟ್ಟಿದರು. ಪತ್ರಿಕೆ ಎರಡೂವರೆ ವರ್ಷ ನಡೆದು ಹತ್ತು ಸಾವಿರ ಡಾಲರು ಸಾಲ ಉಳಿಸಿತು. ಊರೂರು ಭಾಷಣ ಮಾಡಿ, 1876ರ ಹೊತ್ತಿಗೆ ಕೊನೆಯ ಕಾಸಿನವರೆಗೆ ಆಕೆ ತೀರಿಸಿದರು.

ಮಹನೀಯರ ಚರಿತ್ರೆ ಬರೆಯುವಾಗ ತಪ್ಪುಗಳನ್ನು ಮುಚ್ಚಿಡುವ ವಾಡಿಕೆ ನಮ್ಮಲ್ಲಿದೆ. ನಮಗೆ ಅದು ಒಪ್ಪಿಗೆಯಿಲ್ಲ. 1869ರಲ್ಲಿ ನ್ಯೂಯಾರ್ಕಿನ ಮುದ್ರಣ ಕೆಲಸಗಾರರು ಮುಷ್ಕರ ಹೂಡಿದಾಗ, ಈ ಸಮಯದಲ್ಲಿ ಹೆಂಗಸರಿಗೆ ಅಚ್ಚುಮೊಳೆ ಜೋಡಿಸಲು ಕಲಿಸಿರೆಂದು ಆಕೆ ಮಾಲೀಕರನ್ನು ಕೇಳಿದರು. ಮುಷ್ಕರ ಮುರಿಯುವವಳೆಂದು ಕಾರ್ಮಿಕ ಸಂಘಟನೆ ಆಕೆಯನ್ನು ತನ್ನ ಅಧಿವೇಶನದಿಂದ ಹೊರಗಿಟ್ಟಿತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಗುಲಾಮಗಿರಿಯ ವಿರುದ್ಧ 1863-64ರಲ್ಲಿ ಸುಮಾರು ನಾಲ್ಕು ಲಕ್ಷ ಸಹಿ ಕೂಡಿಸಿದ ಈ ಗೆಳತಿಯರೇ, ಕರಿಯ ಗಂಡಸರಿಗೆ ಮತ ಕೊಟ್ಟು ಹೆಂಗಸರನ್ನು ಬಿಟ್ಟ ಸಂವಿಧಾನ ತಿದ್ದುಪಡಿಯನ್ನು ವಿರೋಧಿಸಿದರು; ಆ ಕೋಪದಲ್ಲಿ ಕರಿಯರನ್ನು ಕೀಳುಮಾಡುವ ಮಾತುಗಳೂ ಬಂದವು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಮಹಾ ವಾಗ್ಮಿ ಫ್ರೆಡರಿಕ್ ಡಗ್ಲಸ್ ಆಂಟನಿಯವರ ಮನೆಗೆ ಬಂದುಹೋಗುತ್ತಿದ್ದ ಹಳೆಯ ಸ್ನೇಹಿತರು. ಅವರು ತುಂಬಿದ ಸಭೆಯಲ್ಲಿ ಎದ್ದು ಇದನ್ನು ಖಂಡಿಸಿದರು. ಅವರ ಕಡೆಗೇ ನ್ಯಾಯವಿತ್ತೆಂದು ನಮಗೆ ತೋರುತ್ತದೆ. ಸ್ನೇಹ ಮಾತ್ರ ಉಳಿಯಿತು. 1895ರಲ್ಲಿ ಡಗ್ಲಸ್ ತೀರಿಕೊಂಡ ದಿನವೇ ಅವರು ಮಹಿಳೆಯರ ಒಂದು ಸಭೆಗೆ ಬಂದಿದ್ದರು. ಅವರನ್ನು ವೇದಿಕೆಗೆ ಕರೆದೊಯ್ದವರಲ್ಲಿ ಸೂಸನ್ ಒಬ್ಬರು.

ಇನ್ನು 1872ಕ್ಕೆ ಬರೋಣ. ಅಮೆರಿಕದಲ್ಲಿ ಹುಟ್ಟಿದವರೆಲ್ಲ ಪ್ರಜೆಗಳು, ಪ್ರಜೆಗಳ ಹಕ್ಕನ್ನು ಯಾವ ರಾಜ್ಯವೂ ಕುಂದಿಸಬಾರದು ಎಂದು ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ ಹೇಳುತ್ತದೆ. ಹಾಗಾದರೆ ಹೆಂಗಸರು ಪ್ರಜೆಗಳಲ್ಲವೇ? ನವೆಂಬರ್ 1ರಂದು ಸೂಸನ್ ತಮ್ಮ ಸಹೋದರಿಯರೊಡನೆ ರಾಚೆಸ್ಟರಿನ ಒಂದು ಕ್ಷೌರದ ಅಂಗಡಿಗೆ ಹೋದರು. ಮತದಾರರ ಪಟ್ಟಿ ಬರೆಯುವ ಕೆಲಸ ಅಲ್ಲಿ ನಡೆಯುತ್ತಿತ್ತು. ಅಲ್ಲಿದ್ದ ತರುಣ ಅಧಿಕಾರಿಗಳಿಗೆ ಸಂವಿಧಾನ ಓದಿ ತೋರಿಸಿ, ಸೇರಿಸದಿದ್ದರೆ ನಿಮ್ಮ ಮೇಲೆ ದಾವೆ ಹೂಡುವೆನೆಂದು ಎಚ್ಚರಿಸಿ, ಹೆಸರು ಬರೆಯಿಸಿಕೊಂಡರು. ನವೆಂಬರ್ 5ರಂದು ಆಕೆಯೂ ಇನ್ನು ಹದಿನಾಲ್ಕು ಮಂದಿ ಹೆಂಗಸರೂ ಮತ ಹಾಕಿದರು.

18ರಂದು ಸರಕಾರದ ಅಧಿಕಾರಿಯೊಬ್ಬ ಮನೆಗೆ ಬಂದ. ಪಾಪ, ಬಹಳ ಸಂಕೋಚದ ಮನುಷ್ಯ. ತಾವಾಗಿಯೇ ಕಚೇರಿಗೆ ಬಂದರೆ ಸಾಕೆಂದ. ಗಂಡಸರನ್ನು ಹೇಗೆ ಒಯ್ಯುವಿರೋ ಹಾಗೆಯೇ ಒಯ್ಯಿರೆಂದು ಆಕೆ ಕೋಳ ತೊಡಿಸಲು ಎರಡು ಕೈಗಳನ್ನೂ ಮುಂದೆ ಚಾಚಿದರು. ಆತ ತೊಡಿಸಲಿಲ್ಲ. ಟ್ರಾಮಿನಲ್ಲಿ ಟಿಕೇಟಿನ ಹಣ ಕೇಳಿದಾಗ, ಈ ಪ್ರಯಾಣ ಸರಕಾರದ ಖರ್ಚಿನದು ಎಂದು ಪಕ್ಕದಲ್ಲಿದ್ದ ಅಧಿಕಾರಿಯನ್ನು ತೋರಿಸಿದರು. ಜಾಮೀನನ್ನೂ ಒಲ್ಲೆನೆಂದರು, ಸೆರೆಮನೆಯಿಂದ ನೇರವಾಗಿ ದೊಡ್ಡ ನ್ಯಾಯಾಲಯಕ್ಕೆ ಮೊರೆಹೋಗುವ ಉದ್ದೇಶ ಅವರದು. ಆದರೆ ಒಬ್ಬ ಮಹಿಳೆ ಸೆರೆಗೆ ಹೋಗುವುದನ್ನು ನೋಡಲಾರದೆ ಅವರ ವಕೀಲರೇ ಜಾಮೀನಿನ ಹಣ ಕಟ್ಟಿಬಿಟ್ಟರು. ಒಳ್ಳೆಯತನದಿಂದಲೂ ಕೆಲಸ ಕೆಡುವುದುಂಟು.

ಮೊಕದ್ದಮೆ 1873ರ ಜೂನ್ 17ರಂದು ಕೆನನ್‌ಡೇಗ್ವಾ ಎಂಬ ಊರಿನಲ್ಲಿ ನಡೆಯಿತು. ನ್ಯಾಯಾಧೀಶ ವಾರ್ಡ್ ಹಂಟ್. ಆಕೆಗೆ ತನ್ನ ಪರವಾಗಿ ಸಾಕ್ಷಿ ನುಡಿಯಲು ಬಿಡಲಿಲ್ಲ. ವಾದ ಮುಗಿದೊಡನೆ ಹಂಟ್ ಮೊದಲೇ ಬರೆದಿಟ್ಟುಕೊಂಡಿದ್ದ ಕಾಗದವನ್ನು ತೆಗೆದು ಓದಿ, ಅಪರಾಧಿಯೆಂದೇ ತೀರ್ಮಾನ ಕೊಡಿರೆಂದು ಹನ್ನೆರಡು ಮಂದಿ ಪಂಚರಿಗೆ ಆಜ್ಞೆ ಮಾಡಿದರು. ಮರುದಿನ ಶಿಕ್ಷೆ ವಿಧಿಸುವ ಮೊದಲು, ಹೇಳುವುದೇನಾದರೂ ಇದೆಯೇ ಎಂದು ಪದ್ಧತಿಯಂತೆ ಕೇಳಿದರು. ಕೇಳಬಾರದಿತ್ತು. ಕುಳಿತುಕೊಳ್ಳಿ, ಕುಳಿತುಕೊಳ್ಳಿ ಎಂದು ಮತ್ತೆ ಮತ್ತೆ ಆಜ್ಞೆ ಮಾಡಿದರೂ ಆಕೆ ನಿಂತೇ ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿದರು. ಗಂಡಸರು ಮಾಡಿದ ಕಾನೂನು, ಗಂಡಸರ ತೀರ್ಪು. ನನ್ನ ಸಮಾನರು ಇಲ್ಲಿ ಯಾರೂ ಇಲ್ಲ ಎಂಬುದು ಅದರ ಸಾರ. ಶಿಕ್ಷೆ ನೂರು ಡಾಲರು ದಂಡ. ಒಂದು ಕಾಸನ್ನೂ ಕಟ್ಟುವುದಿಲ್ಲವೆಂದು ಅಲ್ಲೇ ಹೇಳಿದರು. ಕಟ್ಟದಿದ್ದರೆ ಸೆರೆಯೆಂದು ಹಂಟ್ ಹೇಳಲಿಲ್ಲ. ಹೇಳಿದ್ದರೆ ಮೇಲಿನ ನ್ಯಾಯಾಲಯದ ದಾರಿ ತೆರೆಯುತ್ತಿತ್ತು. ಮತ ಸ್ವೀಕರಿಸಿದ ಆ ತರುಣ ಅಧಿಕಾರಿಗಳಿಗೂ ದಂಡವಾಯಿತು. ಅವರು ಕಟ್ಟದೆ ಸೆರೆಗೆ ಹೋದಾಗ, ಮತ ಹಾಕಿದ ಹೆಂಗಸರೇ ಅವರಿಗೆ ಊಟ ಒಯ್ದು ಕೊಟ್ಟರು. ಅಧ್ಯಕ್ಷ ಗ್ರಾಂಟ್ ಕ್ಷಮಾದಾನ ಕೊಟ್ಟು ಅವರನ್ನು ಬಿಡಿಸಿದರು.

ಹೆಂಗಸರಿಗೆ ಮತ ಕೊಡುವ ತಿದ್ದುಪಡಿಯನ್ನು ಅಮೆರಿಕದ ಸಂಸತ್ತಿನಲ್ಲಿ ಮಂಡಿಸಿದ್ದು 1878ರಲ್ಲಿ. ಸೂಸನ್ ಪ್ರತಿ ವರ್ಷವೂ ವಾಷಿಂಗ್ಟನ್ನಿಗೆ ಹೋಗಿ ಕೇಳುವರು, ಬರಿಗೈಯಲ್ಲಿ ಮರಳುವರು. ಎಂಬತ್ತನೆಯ ವಯಸ್ಸಿನಲ್ಲಿ, ರಾಚೆಸ್ಟರಿನ ವಿಶ್ವವಿದ್ಯಾಲಯಕ್ಕೆ ಹುಡುಗಿಯರನ್ನು ಸೇರಿಸಲು ಕೇಳಿದ ಹಣದಲ್ಲಿ ಕೊರತೆ ಬಿದ್ದಾಗ, ಗಡುವಿನ ಕೊನೆಯ ದಿನ ಮನೆಮನೆ ತಿರುಗಿ, ಕಡೆಗೆ ತನ್ನ ಜೀವವಿಮೆಯ ಹಣವನ್ನೇ ಒತ್ತೆಯಿಟ್ಟರು. 1906ರ ಮಾರ್ಚ್ 13ರಂದು ಕಣ್ಣು ಮುಚ್ಚಿದಾಗ ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ಮಾತ್ರ ಹೆಂಗಸರಿಗೆ ಪೂರ್ಣ ಮತವಿತ್ತು. ಆಕೆಯ ಸ್ವಂತ ನ್ಯೂಯಾರ್ಕ್ ಅವುಗಳಲ್ಲಿ ಒಂದಲ್ಲ.

ತಿದ್ದುಪಡಿ ಊರ್ಜಿತವಾದದ್ದು 1920ರಲ್ಲಿ. ಆದರೂ ದಕ್ಷಿಣದ ರಾಜ್ಯಗಳ ಕರಿಯ ಹೆಂಗಸರು ನಿಜವಾಗಿ ಮತಗಟ್ಟೆಗೆ ಹೋಗಲು 1965ರ ಕಾನೂನು ಬರಬೇಕಾಯಿತು. ನಮ್ಮ ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯೊಡನೆ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದಲ್ಲಿ 1921ರಲ್ಲಿ, ಆಸ್ತಿಯುಳ್ಳ ಕೆಲವೇ ಹೆಂಗಸರಿಗಾದರೂ, ಮತದ ಹಕ್ಕು ಬಂತು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಶಾಸನಸಭೆಗೆ ನಿಂತು ಅಲ್ಪ ಮತಗಳಿಂದ ಸೋತರು. ಸಮಾನ ಕೂಲಿಯ ಕಾನೂನು ಇನ್ನೂ ತಡವಾಯಿತು. ಅಮೆರಿಕದಲ್ಲಿ ಅದು 1963ರಲ್ಲಿ, ನಮ್ಮ ದೇಶದಲ್ಲಿ 1976ರಲ್ಲಿ.

2020ರಲ್ಲಿ ಅಮೆರಿಕದ ಅಧ್ಯಕ್ಷರು ಸೂಸನ್ ಆಂಟನಿಗೆ ಕ್ಷಮಾದಾನ ಘೋಷಿಸಿದರು. ರಾಚೆಸ್ಟರಿನಲ್ಲಿ ಆಕೆಯ ಮನೆಯನ್ನು ಕಾಪಾಡಿಕೊಂಡು ಬಂದಿರುವ ಸಂಸ್ಥೆಯವರು ಅದನ್ನು ಒಪ್ಪಲಿಲ್ಲ. ಕ್ಷಮೆ ಪಡೆದರೆ ಆ ಮೊಕದ್ದಮೆ ಸರಿಯಾಗಿತ್ತೆಂದು ಒಪ್ಪಿದಂತಾಗುತ್ತದೆ ಎಂದರು. ಆ ನೂರು ಡಾಲರನ್ನು ಕೊನೆಗೂ ಯಾರೂ ಕಟ್ಟಲಿಲ್ಲ.