ಲೂಯಿ ಪಾಶ್ಚರ್ ಮತ್ತು ನಮ್ಮೂರ ನಾಯಿ

ನಮ್ಮ ಹಳ್ಳಿಗಳಲ್ಲಿ ನಾಯಿಗೆ ಹೆಸರಿರುತ್ತೆ, ಬೆಲ್ಟ್ ಇರಲ್ಲ. ರಾತ್ರಿ ಒಬ್ಬರ ಜಗಲಿ, ಬೆಳಿಗ್ಗೆ ಇನ್ನೊಬ್ಬರ ಹಿತ್ತಲು, ಮಧ್ಯಾಹ್ನ ಸ್ಕೂಲಿನ ಹತ್ತಿರ. ಎಲ್ಲರ ಮನೆ ಮುದ್ದೆ ತಿಂದು ಇಡೀ ಬೀದಿಯನ್ನೇ ಕಾಯುತ್ತೆ. ಜರ್ಮನಿಗೆ ಬಂದ ಹೊಸದರಲ್ಲಿ, ಟ್ರಾಮಿನಲ್ಲಿ ಮಾಲೀಕರ ಕಾಲ ಬುಡದಲ್ಲಿ ಸುಮ್ಮನೆ ಕೂತ ನಾಯಿಗಳನ್ನು ನೋಡಿ ನಾವೆಲ್ಲ ಬೆರಗಾದವರೇ. ಊರಲ್ಲಿ ನಾಯಿ ಕಚ್ಚಿದರೆ ಎದೆ ಧಸಕ್ ಅನ್ನುತ್ತಲ್ಲ, ಆ ಭಯ ಇಲ್ಲಿ ಕಾಣುವುದಿಲ್ಲ. ಬಾವಲಿಗಳ ವಿಷಯ ಬಿಟ್ಟರೆ, 2008ರಿಂದ ಜರ್ಮನಿ ರೇಬೀಸ್‌ಮುಕ್ತ ದೇಶ. ಆದರೆ ಒಂದು ಕಾಲದಲ್ಲಿ ಇಲ್ಲೂ ಆ ಭಯ ಇತ್ತು. ಅದನ್ನು ಬಾಲ್ಯದಲ್ಲೇ ಹತ್ತಿರದಿಂದ ಕಂಡವರೊಬ್ಬರ ಕಥೆಯನ್ನು ಈ ಸಲ ಹೇಳೋಣ ಅನ್ನಿಸಿತು.

ಲೂಯಿ ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ. ತಂದೆ ಚರ್ಮ ಹದ ಮಾಡುವ ಕೆಲಸದವರು. ಹುಡುಗ ಬೆಳೆದದ್ದು ಆರ್ಬ್ವಾ ಎಂಬ ಸಣ್ಣ ಊರಿನಲ್ಲಿ. 1831ರಲ್ಲಿ ಆ ಕಡೆ ಹುಚ್ಚು ಹಿಡಿದ ತೋಳವೊಂದು ಬಂದು ಹಲವರನ್ನು ಕಚ್ಚಿತು. ಆಗ ಇದ್ದ ಚಿಕಿತ್ಸೆ ಒಂದೇ: ಕುಲುಮೆಯಲ್ಲಿ ಕಬ್ಬಿಣ ಕಾಯಿಸಿ ಗಾಯಕ್ಕೆ ಬರೆ ಹಾಕುವುದು. ಬರೆ ಹಾಕಿಸಿಕೊಂಡವರಲ್ಲೂ ಕೆಲವರು ಉಳಿಯಲಿಲ್ಲ. ಎಂಟು ವರ್ಷದ ಲೂಯಿಗೆ ಆ ಚೀರಾಟ ಮರೆಯಲಿಲ್ಲ.

ಮುಂದೆ ಅವರು ಡಾಕ್ಟರ್ ಆಗಲಿಲ್ಲ, ರಸಾಯನಶಾಸ್ತ್ರಜ್ಞರಾದರು. ಹುದುಗುವಿಕೆ, ರೇಷ್ಮೆಹುಳುವಿನ ರೋಗ, ಕೋಳಿಗಳ ಕಾಲರಾ, ಕುರಿಗಳ ಆಂಥ್ರಾಕ್ಸ್ ಹೀಗೆ ಒಂದರಿಂದ ಒಂದಕ್ಕೆ ಕೆಲಸ ಬೆಳೆಯಿತು. ಬದುಕು ಸುಲಭದ್ದಾಗಿರಲಿಲ್ಲ. ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ರೇಬೀಸ್ ಕಡೆ ಅವರು ತಿರುಗಿದ್ದು ಇದೆಲ್ಲ ಆದ ಮೇಲೆ, 1880ರ ಹೊತ್ತಿಗೆ.

ಈ ರೋಗದ ಸೂಕ್ಷ್ಮಜೀವಿ ಅವರ ಮೈಕ್ರೋಸ್ಕೋಪಿಗೆ ಕಾಣಿಸಲೇ ಇಲ್ಲ, ಅಷ್ಟು ಚಿಕ್ಕದು. ಆದರೂ ಎಮಿಲ್ ರೂ ಮುಂತಾದ ಸಹಾಯಕರ ಜೊತೆ ಸೇರಿ, ರೋಗ ತಗುಲಿದ ಮೊಲದ ಬೆನ್ನುಹುರಿಯನ್ನು ಗಾಳಿಯಲ್ಲಿ ಒಣಗಿಸಿದರೆ ದಿನದಿಂದ ದಿನಕ್ಕೆ ನಂಜು ಕಮ್ಮಿಯಾಗುತ್ತೆ ಅಂತ ಕಂಡುಕೊಂಡರು. ಮೊದಲು ಅವರು ಯೋಚಿಸಿದ್ದು ನಾಯಿಗಳಿಗೇ ಲಸಿಕೆ ಹಾಕುವ ಬಗ್ಗೆ. ಆದರೆ ಒಂದೊಂದು ನಾಯಿಗೂ ಎಷ್ಟೋ ಚುಚ್ಚುಮದ್ದು ಬೇಕು, ದೇಶದ ನಾಯಿಗಳನ್ನೆಲ್ಲ ಹಿಡಿಯುವವರಾರು? ಆಗದ ಮಾತು ಅನ್ನಿಸಿತು. ಆಗ ಹೊಳೆದದ್ದು ಇನ್ನೊಂದು ದಾರಿ. ಕಚ್ಚಿದ ಮೇಲೆ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ವಾರಗಳೋ ತಿಂಗಳೋ ಬೇಕು. ಆ ಬಿಡುವಿನಲ್ಲೇ ಕಚ್ಚಿಸಿಕೊಂಡವರಿಗೆ ಲಸಿಕೆ ಕೊಟ್ಟರೆ?

1885ರ ಜುಲೈ 4ರಂದು ಅಲ್ಸಾಸಿನ ಹಳ್ಳಿಯೊಂದರಲ್ಲಿ ಸ್ಕೂಲಿಗೆ ಹೊರಟಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ನಾಯಿ ಕಚ್ಚಿತು. ನಾವು ಈಗಿರುವ ಜರ್ಮನಿಗೂ ಅಲ್ಸಾಸಿಗೂ ನಡುವೆ ಇರುವುದು ರೈನ್ ನದಿ ಅಷ್ಟೇ. ಆಗಂತೂ ಅದು ಜರ್ಮನಿಗೇ ಸೇರಿತ್ತು. ತಾಯಿ ಮಗನನ್ನು ಕರೆದುಕೊಂಡು ಪ್ಯಾರಿಸಿಗೆ ಹೋದಳು. ಮನುಷ್ಯರ ಮೇಲೆ ಪ್ರಯೋಗಿಸಲು ಇನ್ನೂ ಕಾಲ ಬಂದಿಲ್ಲ ಅನ್ನುವುದು ರೂ ಅವರ ಅಭಿಪ್ರಾಯ. ಪಾಶ್ಚರ್ ಮಾತ್ರ ಒಪ್ಪಿದರು. ಅವರು ವೈದ್ಯರಲ್ಲವಾದ್ದರಿಂದ ಸೂಜಿ ಹಿಡಿದದ್ದು ಡಾಕ್ಟರ್ ಗ್ರಾಂಷೆ. ಒಟ್ಟು 13 ಚುಚ್ಚುಮದ್ದು, ಪ್ರತಿಸಲವೂ ಹಿಂದಿನದಕ್ಕಿಂತ ಬಲವಾದದ್ದು. ಪಾಶ್ಚರ್‌ಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಹುಡುಗ ಉಳಿದ; ದೊಡ್ಡವನಾಗಿ ಪಾಶ್ಚರ್ ಸಂಸ್ಥೆಯಲ್ಲೇ ಕಾವಲುಗಾರನಾದ.

ಅದೇ ವರ್ಷ ಅಕ್ಟೋಬರಿನಲ್ಲಿ ಝೂಪೀ ಎಂಬ 15 ವರ್ಷದ ಕುರಿಗಾಹಿ ಹುಡುಗ ಬಂದ. ಬೇರೆ ಮಕ್ಕಳನ್ನು ಉಳಿಸಲು ಹುಚ್ಚುನಾಯಿಯ ಜೊತೆ ಸೆಣಸಿದವನು. ಅವನೂ ಉಳಿದ. ಆದರೆ ಲೂಯಿಸ್ ಪೆಲ್ತಿಯೆ ಎಂಬ 10 ವರ್ಷದ ಹುಡುಗಿಯನ್ನು ತಂದದ್ದು ಕಚ್ಚಿ 37 ದಿನ ಕಳೆದ ಮೇಲೆ. ತಡವಾಗಿದೆ ಅಂತ ಗೊತ್ತಿದ್ದೂ, ಮಕ್ಕಳನ್ನು ಕಳೆದುಕೊಂಡ ಆ ತಂದೆಗೆ ಇಲ್ಲ ಅನ್ನಲಾಗಲಿಲ್ಲ. ಹುಡುಗಿ ಉಳಿಯಲಿಲ್ಲ.

ಪಾಶ್ಚರ್ ಅವರನ್ನು ದೇವರು ಮಾಡುವುದು ನಮ್ಮ ಉದ್ದೇಶವಲ್ಲ. ಅವರ ಲ್ಯಾಬ್ ನೋಟ್‌ಬುಕ್ಕುಗಳನ್ನು ಓದಿದ ಇತಿಹಾಸಕಾರರು, ಮೈಸ್ಟರ್‌ಗೆ ಕೊಟ್ಟ ಕ್ರಮವನ್ನು ಅದಕ್ಕೆ ಮೊದಲು ನಾಯಿಗಳ ಮೇಲೆ ಸಾಕಷ್ಟು ಪರೀಕ್ಷಿಸಿರಲಿಲ್ಲ ಅಂತ ತೋರಿಸಿದ್ದಾರೆ. ಒಂದು ಕಡೆ ಹೆಚ್ಚುಕಡಿಮೆ ಖಚಿತವಾದ ಸಾವಿನ ಭಯ, ಇನ್ನೊಂದು ಕಡೆ ಅರೆಬರೆ ಪುರಾವೆ. ಅವರು ಮಾಡಿದ್ದು ಸರಿಯೇ? ನಮ್ಮಲ್ಲಿ ಲ್ಯಾಬಿನಲ್ಲಿ ದುಡಿಯುವವರು ಈ ಪ್ರಶ್ನೆಯನ್ನು ಸುಲಭವಾಗಿ ದಾಟಿ ಹೋಗಲಾರರು.

1888ರಲ್ಲಿ ಪ್ಯಾರಿಸಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯಿತು. 1895ರ ಸೆಪ್ಟೆಂಬರ್ 28ರಂದು, ಹಿಂದೆ ಪ್ರಯೋಗದ ನಾಯಿಗಳನ್ನು ಸಾಕಿದ್ದ ವಿಲ್‌ನೆವ್ ಲೆತಾಂಗ್ ಎಸ್ಟೇಟಿನಲ್ಲೇ ಅವರು ತೀರಿಕೊಂಡರು. ಆ ದಿನವೇ ಈಗ ವಿಶ್ವ ರೇಬೀಸ್ ದಿನ.

ಅವರ ಕೆಲಸ ನಮ್ಮ ಕಡೆಗೂ ಬಂತು. 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ನಮಗೆ ಹತ್ತಿರದ ಕೂನೂರಿನಲ್ಲಿ ಪಾಶ್ಚರ್ ಹೆಸರಿನ ಸಂಸ್ಥೆಗಳು ಬಂದವು. ನಮ್ಮ ಅಜ್ಜ ಅಜ್ಜಿಯರು ಹೇಳುವ ಹೊಟ್ಟೆಗೆ ಹಾಕುವ 14 ಇಂಜೆಕ್ಷನ್ನಿನ ಕಥೆ ಇದೆಯಲ್ಲ, ಅದು ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಹಳೇ ಲಸಿಕೆಯದು. ಈಗ ತೋಳಿಗೆ ನಾಲ್ಕೈದು ಇಂಜೆಕ್ಷನ್, ಗಾಯ ಆಳವಾಗಿದ್ದರೆ ಜೊತೆಗೆ ಗಾಯಕ್ಕೇ ಕೊಡುವ ಸೀರಮ್. ಆದರೂ ಕೆಲವು ಊರುಗಳಲ್ಲಿ ಇಂದಿಗೂ ಗಾಯಕ್ಕೆ ಸುಣ್ಣ, ಖಾರದಪುಡಿ ಮೆತ್ತುತ್ತಾರೆ. ಕುಲುಮೆಯ ಬರೆಗೂ ಇದಕ್ಕೂ ಏನು ದೊಡ್ಡ ವ್ಯತ್ಯಾಸ?

ಪಾಶ್ಚರ್ ಆಗದ ಮಾತು ಅಂತ ಬಿಟ್ಟ ದಾರಿಯೇ ಕೊನೆಗೆ ದೊಡ್ಡ ದಾರಿಯಾಯಿತು ಅನ್ನುವುದು ಈ ಕಥೆಯ ವಿಶೇಷ. ಜರ್ಮನಿಯಲ್ಲಿ ಲಸಿಕೆ ತುಂಬಿದ ತಿಂಡಿಯನ್ನು ಕಾಡಿನಲ್ಲಿ ಹರಡಿ ನರಿಗಳಿಗೇ ಲಸಿಕೆ ಹಾಕಿದರು. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ಶೇಕಡ 99ರಷ್ಟು ಬರುವುದು ನಾಯಿಗಳಿಂದ. ಊರಿನ ನಾಯಿಗಳಲ್ಲಿ ಶೇಕಡ 70ರಷ್ಟಕ್ಕಾದರೂ ವರ್ಷ ವರ್ಷ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತೆ. ಕೊಲ್ಲುವುದೂ ಬೇಡ, ಓಡಿಸುವುದೂ ಬೇಡ.

ಮುಂದಿನ ಸಲ ಮನೆಗೆ ಫೋನ್ ಮಾಡಿದಾಗ ಎರಡು ಮಾತು ಸೇರಿಸೋಣ. ನಾಯಿ ಕಚ್ಚಿದರೆ, ಪರಚಿದರೂ ಸರಿ, ನೀರು ಬಿಟ್ಟು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು ಅನ್ನುವುದು ಒಂದು. ನಮ್ಮ ಜಗಲಿಯ ಮೇಲೆ ಮಲಗುವ ಆ ನಾಯಿಗೆ ಈ ವರ್ಷ ಲಸಿಕೆ ಹಾಕಿಸಿದ್ದೀರಾ ಅಂತ ಕೇಳುವುದು ಇನ್ನೊಂದು.