ಆಟಿಕೆಯ ಯಂತ್ರಶಿಲ್ಪಿ ಗುನ್‌ಪೆಯ್ ಯೊಕೊಯಿ

ಮಕ್ಕಳ ಕೈಗೆ ಕೊಡುವ ವಸ್ತುವು ಹಿರಿಯರ ಕೈಗೆ ಕೊಡುವ ವಸ್ತುವಿಗಿಂತ ಗಟ್ಟಿಯಾಗಿರಬೇಕು. ಅದು ನೆಲಕ್ಕೆ ಬೀಳುತ್ತದೆ, ಕೈಯಿಂದ ಕೈಗೆ ಸೆಳೆದಾಡಲ್ಪಡುತ್ತದೆ, ದಿನಕ್ಕೆ ಸಾವಿರ ಬಾರಿ ಒತ್ತಲ್ಪಡುತ್ತದೆ. ಎಲ್ಲರೂ ಬಲ್ಲ ಈ ಮಾತನ್ನು ವಿದ್ಯುನ್ಮಾನ ಆಟಿಕೆಗಳ ನಿರ್ಮಾಣದಲ್ಲಿ ನಿಷ್ಠೆಯಿಂದ ಪಾಲಿಸಿ ಜಗದ್ವಿಖ್ಯಾತರಾದವರು ಜಪಾನಿನ ಗುನ್‌ಪೆಯ್ ಯೊಕೊಯಿಯವರು.

ಯೊಕೊಯಿಯವರು ಜನಿಸಿದುದು ೧೯೪೧ರ ಸೆಪ್ಟೆಂಬರ್ ೧೦ರಂದು, ಕ್ಯೋಟೊ ನಗರದಲ್ಲಿ. ಅಲ್ಲಿಯ ದೋಶಿಶಾ ವಿಶ್ವವಿದ್ಯಾಲಯದಲ್ಲಿ ವಿದ್ಯುನ್ಮಾನಶಾಸ್ತ್ರವನ್ನು ವ್ಯಾಸಂಗ ಮಾಡಿ, ೧೯೬೫ರಲ್ಲಿ ಅದೇ ನಗರದ ನಿಂಟೆಂಡೊ ಸಂಸ್ಥೆಯನ್ನು ಸೇರಿದರು. ೧೮೮೯ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು ಹೂವಿನ ಚಿತ್ರಗಳುಳ್ಳ ಹನಾಫುದ ಎಂಬ ಆಟದ ಎಲೆಗಳಿಗೆ ಹೆಸರಾಗಿತ್ತು. ಎಲೆಗಳನ್ನು ತಯಾರಿಸುವ ಯಂತ್ರಗಳ ಮೇಲ್ವಿಚಾರಣೆ ಮತ್ತು ದುರಸ್ತಿಯೇ ತರುಣ ಯೊಕೊಯಿಯವರಿಗೆ ದೊರೆತ ಕೆಲಸ. ಯಂತ್ರವು ಎಲ್ಲಿ ಸವೆಯುತ್ತದೆ, ಏಕೆ ಕೆಡುತ್ತದೆ ಎಂಬುದನ್ನು ನಿತ್ಯವೂ ಕಾಣುವ ಆ ಉದ್ಯೋಗವು ಅವರ ಮುಂದಿನ ಸಾಧನೆಗೆ ಗುರುಕುಲದಂತಾಯಿತು.

ಬಿಡುವಿನ ವೇಳೆಯಲ್ಲಿ ಅವರು ತಮ್ಮ ವಿನೋದಕ್ಕಾಗಿ ಇಕ್ಕಳದಂತೆ ಚಾಚಿ, ದೂರದ ವಸ್ತುವನ್ನು ಹಿಡಿಯುವ ಆಟಿಕೆಯೊಂದನ್ನು ರಚಿಸಿದ್ದರು. ಅಧ್ಯಕ್ಷ ಹಿರೋಶಿ ಯಮೌಚಿಯವರ ದೃಷ್ಟಿ ಅದರ ಮೇಲೆ ಬಿತ್ತು. ೧೯೬೬ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ಆ ಆಟಿಕೆ ಹತ್ತು ಲಕ್ಷಕ್ಕೂ ಮಿಗಿಲಾಗಿ ಮಾರಾಟವಾಯಿತು. ದುರಸ್ತಿಗಾರರು ಆಟಿಕೆಗಳ ನಿರ್ಮಾಪಕರಾದರು.

ಬಳಕೆಯಲ್ಲಿ ಮಾಗಿ, ಅಗ್ಗವಾಗಿ, ಗುಣದೋಷಗಳೆಲ್ಲ ಬೆಳಕಿಗೆ ಬಂದಿರುವ ತಂತ್ರವನ್ನು ಯಾರೂ ಎಣಿಸದ ಹೊಸ ಕಾರ್ಯಕ್ಕೆ ಹಚ್ಚಬೇಕೆಂಬುದೇ ಅವರ ಸಿದ್ಧಾಂತ. ರೈಲಿನಲ್ಲಿ ಪ್ರಯಾಣಿಕರೊಬ್ಬರು ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತಿದ್ದುದನ್ನು ಕಂಡು ಅವರಿಗೆ ಕಿಸೆಯಲ್ಲಿಡಬಹುದಾದ ಆಟದ ಯಂತ್ರದ ಕಲ್ಪನೆ ಹೊಳೆಯಿತೆಂದು ಪ್ರಸಿದ್ಧಿಯಿದೆ. ಕ್ಯಾಲ್ಕುಲೇಟರುಗಳಿಂದ ಅಗ್ಗವಾಗಿದ್ದ ದ್ರವಸ್ಫಟಿಕದ ಪರದೆಯನ್ನೇ ಬಳಸಿ, ೧೯೮೦ರಲ್ಲಿ ‘ಗೇಮ್ ಅಂಡ್ ವಾಚ್’ ಮಾಲಿಕೆಯನ್ನು ಹೊರತಂದರು.

೧೯೮೨ರಲ್ಲಿ ಆ ಮಾಲಿಕೆಗೆ ‘ಡಾಂಕಿ ಕಾಂಗ್’ ಆಟವನ್ನು ಅಳವಡಿಸುವಾಗ ಒಂದು ತೊಡಕು ಎದುರಾಯಿತು. ಆಟದಂಗಡಿಗಳ ದೊಡ್ಡ ಯಂತ್ರಗಳಲ್ಲಿ ದಿಕ್ಕನ್ನು ಸೂಚಿಸಲು ಮೇಲೆದ್ದು ನಿಂತ ಹಿಡಿಕೋಲು ಇರುತ್ತಿತ್ತು. ಪುಸ್ತಕದಂತೆ ಮಡಚುವ ಪುಟ್ಟ ಯಂತ್ರದಲ್ಲಿ ಅದಕ್ಕೆ ಎಡೆಯಿಲ್ಲ, ಇಟ್ಟರೂ ಮುರಿಯದಿರದು. ಯೊಕೊಯಿಯವರು ಕೋಲನ್ನೇ ಬಿಟ್ಟು, ಕೂಡಿಸುವ ಚಿಹ್ನೆಯ ಆಕಾರದ ಚಪ್ಪಟೆ ಗುಂಡಿಯೊಂದನ್ನು ಅಳವಡಿಸಿದರು. ನಾಲ್ಕು ತೋಳುಗಳೂ ಒಂದೇ ತುಂಡಾಗಿದ್ದು ನಡುವಿನ ಆಧಾರದ ಮೇಲೆ ವಾಲುತ್ತವೆ. ಒತ್ತಿದ ತೋಳಿನ ಕೆಳಗಿನ ರಬ್ಬರು ಬಾಗಿ, ಅದರಲ್ಲಿಯ ವಿದ್ಯುದ್ವಾಹಕವು ಮಂಡಲವನ್ನು ಪೂರ್ಣಗೊಳಿಸುತ್ತದೆ. ಬಿಟ್ಟೊಡನೆ ರಬ್ಬರೇ ಗುಂಡಿಯನ್ನು ಮೇಲೆತ್ತುತ್ತದೆ. ಒಂದು ತೋಳು ತಗ್ಗಿದಾಗ ಎದುರಿನದು ಏಳುವುದರಿಂದ ಎಡಬಲಗಳನ್ನು ಒಮ್ಮೆಲೇ ಒತ್ತಲಾಗದು. ನೋಡದೆಯೇ ಹೆಬ್ಬೆರಳಿಗೆ ದಿಕ್ಕಿನ ಅರಿವಾಗುತ್ತದೆ. ಚಲಿಸುವ ಭಾಗಗಳು ಕಡಿಮೆಯಾದಷ್ಟೂ ಕೆಡುವುದೂ ಕಡಿಮೆ. ೧೯೮೩ರ ‘ಫ್ಯಾಮಿಕಾಮ್’ ಯಂತ್ರದ ಮೂಲಕ ಈ ಗುಂಡಿ ಮನೆಮನೆಗಳನ್ನು ಪ್ರವೇಶಿಸಿತು.

ಸತೊರು ಒಕಾಡ ಮೊದಲಾದ ಸಹೋದ್ಯೋಗಿಗಳೊಡನೆ ರೂಪಿಸಿದ ‘ಗೇಮ್ ಬಾಯ್’ ೧೯೮೯ರ ಏಪ್ರಿಲ್ ೨೧ರಂದು ಬಿಡುಗಡೆಯಾಯಿತು. ಅದರ ಪರದೆಗೆ ಬಣ್ಣವಿರಲಿಲ್ಲ, ಒಳಬೆಳಕೂ ಇರಲಿಲ್ಲ. ಪ್ರತಿಸ್ಪರ್ಧಿಗಳಾದ ಅಟಾರಿಯ ‘ಲಿಂಕ್ಸ್’, ಸೆಗಾದ ‘ಗೇಮ್ ಗೇರ್’ ಯಂತ್ರಗಳು ವರ್ಣರಂಜಿತವಾಗಿದ್ದವು. ಆದರೆ ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ಬರಿದುಮಾಡುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್ಲುಗಳಿಂದ ಹತ್ತು ಗಂಟೆಗಳಿಗೂ ಮೀರಿ ನಡೆಯುತ್ತಿತ್ತು, ಬೆಲೆಯೂ ಕಡಿಮೆ. ಕೊಲ್ಲಿ ಯುದ್ಧದ ಬಾಂಬು ದಾಳಿಯಲ್ಲಿ ಹೊರಕವಚ ಸುಟ್ಟು ಕರಗಿದ್ದರೂ ನಡೆಯುತ್ತಿದ್ದ ಒಂದು ಗೇಮ್ ಬಾಯ್ ನ್ಯೂಯಾರ್ಕಿನ ನಿಂಟೆಂಡೊ ಮಳಿಗೆಯಲ್ಲಿ ಬಹುಕಾಲ ಪ್ರದರ್ಶನಕ್ಕಿತ್ತು. ಬಣ್ಣದ ಪರದೆಯ ಉತ್ತರಾವೃತ್ತಿಯನ್ನೂ ಸೇರಿಸಿದರೆ ಮಾರಾಟವಾದ ಯಂತ್ರಗಳು ೧೧ ಕೋಟಿ ೮೬ ಲಕ್ಷಕ್ಕೂ ಹೆಚ್ಚು.

ಎಲ್ಲ ಪ್ರಯತ್ನಗಳೂ ಫಲಿಸಲಿಲ್ಲ. ೧೯೯೫ರ ‘ವರ್ಚುಯಲ್ ಬಾಯ್’ ಯಂತ್ರವು ಕೆಂಪು ಬೆಳಕಿನ ಚಿತ್ರಗಳನ್ನು ಆಳವುಳ್ಳವಾಗಿ ತೋರಿಸುತ್ತಿತ್ತು. ಎರಡೂ ಹೆಬ್ಬೆರಳುಗಳಿಗೆ ಒಂದೊಂದು ದಿಕ್ಕಿನ ಗುಂಡಿಯಿತ್ತು. ಆದರೆ ಅದನ್ನು ಮೇಜಿನ ಮೇಲಿಟ್ಟು ಬಾಗಿ ನೋಡಬೇಕಾಗಿತ್ತು, ಕಣ್ಣಿಗೂ ಆಯಾಸ. ಜನ ಅದನ್ನು ಒಪ್ಪಲಿಲ್ಲ. ಯೊಕೊಯಿಯವರು ಎದೆಗುಂದದೆ, ೧೯೯೬ರಲ್ಲಿ ಕಿರಿದಾದ ‘ಗೇಮ್ ಬಾಯ್ ಪಾಕೆಟ್’ ಯಂತ್ರವನ್ನು ಹೊರತಂದ ಬಳಿಕವೇ ನಿಂಟೆಂಡೊ ಸಂಸ್ಥೆಯಿಂದ ನಿರ್ಗಮಿಸಿ, ಕ್ಯೋಟೊದಲ್ಲಿ ‘ಕೊತೊ’ ಎಂಬ ಸ್ವಂತ ಪ್ರಯೋಗಶಾಲೆಯನ್ನು ತೆರೆದರು.

ವಿಧಿ ಅವರಿಗೆ ಹೆಚ್ಚು ಕಾಲ ಕೊಡಲಿಲ್ಲ. ೧೯೯೭ರ ಅಕ್ಟೋಬರ್ ೪ರಂದು ಇಶಿಕಾವಾ ಪ್ರಾಂತದ ಹೆದ್ದಾರಿಯಲ್ಲಿ ವಾಹನಗಳ ಘರ್ಷಣೆಯಾಗಿ, ಕೆಳಗಿಳಿದಿದ್ದ ಅವರಿಗೆ ಮತ್ತೊಂದು ವಾಹನ ಬಡಿಯಿತು. ಐವತ್ತಾರರ ವಯಸ್ಸಿನಲ್ಲಿಯೇ ಅವರು ಅಸ್ತಂಗತರಾದರು. ಅವರ ಸಹಾಯದಿಂದ ರೂಪುಗೊಂಡ ‘ವಂಡರ್‌ಸ್ವಾನ್’ ೧೯೯೯ರಲ್ಲಿ ಬಂದಿತು. ಅದು ಒಂದೇ ಸೆಲ್ಲಿನಿಂದ ನಡೆಯುತ್ತಿತ್ತು.

ಹೊಸದನ್ನು ಹುಡುಕುವವರು ಹಲವರು. ಕೈಯಲ್ಲಿರುವುದನ್ನು ಸಂಪೂರ್ಣವಾಗಿ ಅರಿತು ಬಳಸುವವರು ವಿರಳ. ಯೊಕೊಯಿಯವರು ಈ ವಿರಳರ ಸಾಲಿಗೆ ಸೇರಿದವರು. ಅಲ್ಪಸಾಧನದಿಂದ ಮಹತ್ಕಾರ್ಯ ಸಾಧ್ಯವೆಂಬುದಕ್ಕೆ ಹೆಬ್ಬೆರಳ ಗಾತ್ರದ ಆ ಗುಂಡಿಯೇ ಸಾಕ್ಷಿ. ದುರಸ್ತಿಯ ಕೆಲಸವನ್ನು ಕೀಳೆಂದು ಎಣಿಸದೆ ಅದರಿಂದಲೇ ವಿದ್ಯೆಯನ್ನು ಪಡೆದ ಈ ಜೀವನವು ಕಲಿಯುವವರಿಗೂ ಕಲಿಸುವವರಿಗೂ ಆದರ್ಶಪ್ರಾಯವಾದುದು.